ಹಳದಿ ಬಾಟಲಿ, ಮೂರು ಮೊಟ್ಟೆ

ಈ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ಬರೆಯೋದಿರಲಿ, ನಿಮ್ಮಗಳ ಬ್ಲಾಗು ಓದೋದಕ್ಕೂ ಪುರುಸೊತ್ತಾಗಲಿಲ್ಲ. ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದರು. ಈಗ ಮನೆಗೆ ಬಂದಿದಾರೆ, ಕೋಲು ಹಿಡಿದು ಹಿತ್ತಲವರೆಗೂ ಹೋಗ್ತಾರೆ. ಆದರೆ ಒಂದು ವಿಷಯ ಮಾತ್ರ ತಲೆಯಿಂದ ಹೋಗ್ತಿಲ್ಲ. ಬರೆದುಬಿಟ್ಟರೆ ಸ್ವಲ್ಪ ಹಗುರಾದೀತು ಅಂತ ಕೂತಿದೀನಿ.

ಅವತ್ತು ರಾತ್ರಿ ಎಂಟರ ಹೊತ್ತಿಗೆ ದೊಡ್ಡಮ್ಮನ ಮಗ ಊರಿಂದ ಫೋನು ಮಾಡಿದ. "ಅಣ್ಣಾ, ಅಮ್ಮಂಗೆ ಆಲ್ಬುಮಿನ್ ಕಮ್ಮಿ ಆಗಿದ್ಯಂತೆ. 2.3 ಅಂತೆ. ಮೂರು ಬಾಟ್ಲಿ ಬೇಕು ಅಂದ್ರು. ಇಲ್ಲೆಲ್ಲೂ ಸಿಗ್ತಿಲ್ಲ, ಬೆಂಗಳೂರಿಂದ ಕಳಿಸಕ್ಕಾಗತ್ತಾ?"

ದೊಡ್ಡಮ್ಮನಿಗೆ ಎಪ್ಪತ್ತೊಂಬತ್ತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಅದರ ಮೇಲೆ ಶ್ವಾಸಕೋಶದ ಸೋಂಕು. ಪಾದ ಊದಿಕೊಂಡಿತ್ತು. ಮೊದಲಿಂದಲೂ ಹಾರ್ಟು ಸ್ವಲ್ಪ ವೀಕು. ಕಮ್ಮಿ ಆಗಿದೆ ಅಂದಮೇಲೆ ಹಾಕಿಸಬೇಕು ಅಲ್ವಾ? ನಾನು ಇನ್ನೇನೂ ಕೇಳಲಿಲ್ಲ. ನಾಲ್ಕು ಮೆಡಿಕಲ್ ಶಾಪ್ ಸುತ್ತಿ, ಮೂರು ಬಾಟಲಿ ಹುಡುಕಿ, ರಾತ್ರಿ ಬಸ್ಸಿನ ಡ್ರೈವರ್ ಕೈಲಿ ಕೊಟ್ಟು ಕಳಿಸಿದೆ. ಒಂದೊಂದು ಬಾಟಲಿಗೂ ಸಾವಿರಗಟ್ಟಲೆ. ತಮ್ಮ ಆಗಲೇ ಅಡಿಕೆ ಮಂಡಿಯಲ್ಲಿ ಮುಂಗಡ ತಂದು ಆಸ್ಪತ್ರೆಗೆ ಕಟ್ಟಿದ್ದ.

ಎರಡನೇ ಬಾಟಲಿ ಮುಗಿಯೋ ಹೊತ್ತಿಗೆ ದೊಡ್ಡಮ್ಮನಿಗೆ ಏದುಸಿರು ಶುರುವಾಯ್ತು. ಮಲಗಕ್ಕಾಗದೆ ಎದ್ದು ಕೂತರು. ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂತ ಆಕ್ಸಿಜನ್ ಹಾಕಿ, ಮೂತ್ರ ಹೋಗೋ ಇಂಜೆಕ್ಷನ್ ಕೊಟ್ಟು, ಬೆಳಗಿನ ಜಾವಕ್ಕೆ ಒಂದು ಹದಕ್ಕೆ ತಂದರು. ಮೂರನೇ ಬಾಟಲಿ ಹಾಕಲಿಲ್ಲ. ಒಂದು ವಾರದ ಮೇಲೆ ಮತ್ತೆ ಟೆಸ್ಟ್ ಮಾಡಿದಾಗ ಆಲ್ಬುಮಿನ್ ಎಷ್ಟಿತ್ತು ಗೊತ್ತಾ? 2.4.

ಆಮೇಲೆ ಡಾಕ್ಟರ್ ಆಗಿರೋ ನನ್ನ ಗೆಳೆಯನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಯಾವುದಕ್ಕೆ ಕೊಟ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕಮ್ಮಿ ಇತ್ತು, ಅದಕ್ಕೇ ಕೊಟ್ರು ಅಂದೆ. ಅದು ಉತ್ತರ ಅಲ್ಲ ಅಂದ.

ಅವತ್ತಿಂದ ಓದ್ತಾ ಇದೀನಿ. ನಾನು ಡಾಕ್ಟರಲ್ಲ, ತಪ್ಪಿದ್ದರೆ ತಿದ್ದಿ. ಆಲ್ಬುಮಿನ್ ಅನ್ನೋದು ನಮ್ಮ ಲಿವರ್ ದಿನಾ ತಯಾರಿಸೋ ಪ್ರೊಟೀನು. ರಕ್ತನಾಳದೊಳಗೆ ನೀರನ್ನ ಹಿಡಿದಿಡೋದು ಅದರ ಒಂದು ಮುಖ್ಯ ಕೆಲಸ. ದಾನಿಗಳ ಪ್ಲಾಸ್ಮಾದಿಂದ ಇದನ್ನ ಬೇರೆ ಮಾಡೋ ವಿಧಾನ ಕಂಡುಹಿಡಿದವರು ಹಾರ್ವರ್ಡಿನ ಎಡ್ವಿನ್ ಕೋನ್. 1941ರಲ್ಲಿ ಪರ್ಲ್ ಹಾರ್ಬರಿನಲ್ಲಿ ಗಾಯಗೊಂಡವರಿಗೇ ಇದನ್ನ ಕೊಟ್ಟಿದ್ದರು. ರಕ್ತದಿಂದ ಬಂದದ್ದು, ರೋಗ ಅಂಟಿದರೆ ಅಂತ ಹೆದರೋರು ಇದಾರೆ. ಇದನ್ನ 60 ಡಿಗ್ರಿಯಲ್ಲಿ ಹತ್ತು ಗಂಟೆ ಕಾಯಿಸಿರ್ತಾರೆ, ಹಾಗಾಗಿ ಎಚ್‌ಐವಿ, ಕಾಮಾಲೆ ವೈರಸ್ಸುಗಳ ಭಯ ತೀರ ಕಡಿಮೆ. ನಿಜವಾದ ಅಪಾಯ ಬೇರೆ ಕಡೆ ಇದೆ.

100 ಮಿಲಿಯ 20 ಪರ್ಸೆಂಟ್ ಬಾಟಲಿಯಲ್ಲಿರೋದು 20 ಗ್ರಾಂ ಆಲ್ಬುಮಿನ್. ಒಂದೊಂದು ಗ್ರಾಮೂ ಸುಮಾರು 18 ಮಿಲಿ ನೀರನ್ನ ಹಿಡಿದುಕೊಳ್ಳಬಲ್ಲದು. ಅಂದ್ರೆ ಅಷ್ಟು ಚಿಕ್ಕ ಬಾಟಲಿ ಮೈಯಲ್ಲಿರೋ ನೀರನ್ನ ಎಳೆದು ರಕ್ತದ ಪ್ರಮಾಣವನ್ನ ಮುನ್ನೂರು ಮಿಲಿಗೂ ಮೇಲೆ ಹೆಚ್ಚಿಸಬಹುದು. ವೀಕಾದ ಹಾರ್ಟಿಗೆ ಅದು ಭಾರ. ದೊಡ್ಡಮ್ಮನಿಗೆ ಆಗಿದ್ದು ಅದೇ ಅಂತ ಗೆಳೆಯ ಹೇಳಿದ.

ಇನ್ನು "ಶಕ್ತಿ ಬರತ್ತೆ" ಅನ್ನೋ ಮಾತು. ಪಕ್ಕದ ಬೆಡ್ಡಿನವರೂ ತಮ್ಮನಿಗೆ ಹಾಗೇ ಹೇಳಿದ್ದರಂತೆ. 20 ಗ್ರಾಂ ಪ್ರೊಟೀನು ಅಂದ್ರೆ ಲೆಕ್ಕಕ್ಕೆ ಮೂರು ಮೊಟ್ಟೆ. ಮೊಟ್ಟೆಯಾದರೆ ತಿಂದ ದಿನವೇ ಮೈಗೆ ಹತ್ತತ್ತೆ. ಬಾಟಲಿಯ ಆಲ್ಬುಮಿನ್ ಅರ್ಧದಷ್ಟು ಕರಗೋದಕ್ಕೇ ಮೂರು ವಾರದ ಹತ್ತಿರ ಬೇಕು. ಆಹಾರದ ಬದಲಿಗೆ ಕೊಡೋ ವಸ್ತುವೇ ಅಲ್ಲ ಅದು. ಸೋಂಕಿದ್ದಾಗ ಲಿವರ್ ಆಲ್ಬುಮಿನ್ ತಯಾರಿಸೋದನ್ನ ಕಮ್ಮಿ ಮಾಡತ್ತೆ, ಇರೋದು ರಕ್ತನಾಳದಿಂದ ಸೋರತ್ತೆ. ರಿಪೋರ್ಟಿನ 2.3 ಕಾಯಿಲೆಯ ಗುರುತು. ಸೋಂಕು ಇಳಿಯದೆ ಮೇಲಿಂದ ಸುರಿದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಹಾಗಂತ ಈ ಔಷಧಿಯೇ ದಂಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳೀಬೇಡಿ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಐದು ಲೀಟರಿಗಿಂತ ಹೆಚ್ಚು ನೀರು ತೆಗೆದರೆ, ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಕೊಡಲೇಬೇಕು ಅಂತಾರೆ. ಆ ಹೊಟ್ಟೆ ನೀರಿಗೆ ಸೋಂಕಾದಾಗ ಅಂತೂ ಇದು ಜೀವ ಉಳಿಸತ್ತೆ. 1999ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನದಲ್ಲಿ 126 ರೋಗಿಗಳಿದ್ದರು. ಬರೀ ಆಂಟಿಬಯಾಟಿಕ್ ಕೊಟ್ಟ ಗುಂಪಿನಲ್ಲಿ ನೂರಕ್ಕೆ 29 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು, ಜೊತೆಗೆ ಆಲ್ಬುಮಿನ್ ಕೊಟ್ಟ ಗುಂಪಿನಲ್ಲಿ ನೂರಕ್ಕೆ 10. ಅಂಥ ಮನೆಯವರು ಸಾಲ ಮಾಡಿಯಾದರೂ ತರೋದೇ ಸರಿ.

ಆದರೆ ಅದೇ ಲಿವರ್ ರೋಗಿಗಳಲ್ಲೇ, ಬರೀ ನಂಬರ್ ಏರಿಸೋಕೆ ಕೊಟ್ಟರೆ ಏನಾಗತ್ತೆ ಅಂತಲೂ ನೋಡಿದಾರೆ. ಬ್ರಿಟನ್ನಿನ ಅಟೈರ್ ಅಧ್ಯಯನ, 2021, 777 ರೋಗಿಗಳು. ಆಸ್ಪತ್ರೆ ಸೇರಿದವರ ಆಲ್ಬುಮಿನ್ನನ್ನ 3ಕ್ಕೆ ಮುಟ್ಟಿಸಬೇಕು ಅಂತ ದಿನಾ ಅಳೆದು ಕೊಟ್ಟರು. ಸೋಂಕು, ಕಿಡ್ನಿ ತೊಂದರೆ, ಸಾವು ಯಾವುದೂ ಕಮ್ಮಿಯಾಗಲಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದವರು ಮಾತ್ರ ಹೆಚ್ಚಾದರು. ಅದನ್ನ ಓದಿದಾಗ ದೊಡ್ಡಮ್ಮ ಎದ್ದು ಕೂತಿದ್ದೇ ಕಣ್ಣ ಮುಂದೆ ಬಂತು.

ಐಸಿಯು ವಿಷಯಕ್ಕೆ ಬಂದರೆ, 2004ರ ಸೇಫ್ ಅಧ್ಯಯನದಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡಿನ ಸುಮಾರು ಏಳು ಸಾವಿರ ರೋಗಿಗಳಿದ್ದರು. 28 ದಿನದಲ್ಲಿ ಆಲ್ಬುಮಿನ್ ಪಡೆದವರಲ್ಲಿ ತೀರಿಕೊಂಡವರು 726, ಸಾದಾ ಸಲೈನ್ ಪಡೆದವರಲ್ಲಿ 729. ಅಷ್ಟೇ ವ್ಯತ್ಯಾಸ! ತಲೆಗೆ ಪೆಟ್ಟು ಬಿದ್ದವರನ್ನ ಎರಡು ವರ್ಷ ಬಿಟ್ಟು ನೋಡಿದಾಗಲಂತೂ ಆಲ್ಬುಮಿನ್ ಗುಂಪಿನಲ್ಲೇ ಸಾವು ಹೆಚ್ಚಿತ್ತು.

ತಪ್ಪೆಲ್ಲ ಡಾಕ್ಟರದ್ದು ಅಂದುಬಿಡೋದು ಸುಲಭ. ನಾವೇನು ಕಮ್ಮಿಯಾ? ಬಾಟಲಿ ನೇತುಹಾಕಿದರೆ ನಮಗೆ ಚಿಕಿತ್ಸೆ ನಡೀತಿದೆ ಅನ್ನೋ ಸಮಾಧಾನ. "ಇದಕ್ಕೆ ಕಾಯಬೇಕು, ಊಟ ಮಾಡಿಸಿ" ಅಂದ ಡಾಕ್ಟರನ್ನ ನಾವೇ ಬೈಕೊಂಡು ಬೇರೆ ಕಡೆ ಕರಕೊಂಡು ಹೋಗ್ತೀವಿ. ದುಬಾರಿ ಆದಷ್ಟೂ ಪ್ರೀತಿ ಜಾಸ್ತಿ ತೋರಿಸಿದ ಹಾಗೆ ಅನ್ನಿಸತ್ತೆ. ಅವತ್ತು ರಾತ್ರಿ ಬಸ್ಸಿಗೆ ಬಾಟಲಿ ಹತ್ತಿಸಿ ವಾಪಸ್ ಬರುವಾಗ ನನಗೆ ಆಗಿದ್ದೂ ಅದೇ ಹೆಮ್ಮೆ.

ಹಾಗಾಗಿ ನಾನು ಹೇಳೋದು ಇಷ್ಟೇ. ಆಲ್ಬುಮಿನ್ ತನ್ನಿ ಅಂದಾಗ ಓಡೋದಕ್ಕೆ ಮುಂಚೆ ಮೂರು ಮಾತು ಕೇಳಿ. ಯಾವುದಕ್ಕೆ, ನಂಬರ್ ಕಮ್ಮಿ ಅಂತಲೋ, ಬೇರೆ ಕಾರಣ ಇದೆಯೋ? ಹಾರ್ಟು ತಡಕೊಳ್ಳತ್ತಾ? ಕೊಡದಿದ್ದರೆ ಏನಾಗತ್ತೆ? ಒಳ್ಳೇ ಡಾಕ್ಟರು ಇದಕ್ಕೆ ಸಿಟ್ಟಾಗಲ್ಲ, ಎರಡು ನಿಮಿಷದಲ್ಲಿ ಹೇಳ್ತಾರೆ. ಕಾರಣ ಇದ್ದರೆ ತಡ ಮಾಡಬೇಡಿ, ತನ್ನಿ.

ಉಳಿದ ಮೂರನೇ ಬಾಟಲಿಯನ್ನ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ತಮ್ಮನ ಮನೆ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆ ಪಕ್ಕ ಇನ್ನೂ ಇದೆ. ಮೊನ್ನೆ ಹೋದಾಗ ದೊಡ್ಡಮ್ಮ ಅದನ್ನ ತೋರಿಸಿ, "ಇದೆಂತದೋ ಮಾರಾಯ, ಜೇನುತುಪ್ಪವಾ?" ಅಂತ ಕೇಳಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ನಿಮ್ಮ ಮನೆಗಳಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಬರೀರಿ.