ಆಟದ ಉಗಿಬಂಡಿಗೂ ಅಡಿಗೆಮನೆಯ ಜಾಣತನ ಬೇಕು



ಆಟದ ರೈಲು ಗಂಡಸರ ಹುಚ್ಚು, ನಮಗೇನು ಕೆಲಸ ಅಂತೀರಾ? ಸ್ವಲ್ಪ ತಾಳಿ. ಆಟದ ರೈಲುಗಳಿಗೆ ಹೆಸರಾದ ಜರ್ಮನಿಯ ಮಾರ್ಕ್ಲಿನ್ ಕಂಪನಿ 1859ರಲ್ಲಿ ಶುರುವಾದದ್ದು ಗೊಂಬೆಮನೆಯ ಅಡಿಗೆ ಸಾಮಾನುಗಳಿಂದ! ತಗಡಿನ ಆ ಪುಟ್ಟ ಪಾತ್ರೆಗಳನ್ನು ಗಂಡ ಮಾಡಿದರೆ, ಊರೂರು ತಿರುಗಿ ಮಾರಿದವಳು ಹೆಂಡತಿ ಕ್ಯಾರೊಲೀನ್. 1866ರಲ್ಲಿ ಗಂಡ ತೀರಿಕೊಂಡ ಮೇಲೆ ವ್ಯಾಪಾರ ಮುಳುಗದಂತೆ ಕಾಪಾಡಿದವಳೂ ಅವಳೇ. ಮುಂದೆ 1891ರಲ್ಲಿ ಮಕ್ಕಳು ಲೈಪ್‌ಜಿಗ್ ಮೇಳದಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಹಳಿಗಳ ಸಮೇತ ತೋರಿಸಿದರು.

ನಿಜವಾದ ಉಗಿಯಿಂದಲೇ ಓಡುವ ಆಟದ ಎಂಜಿನ್‌ಗಳೂ ಆ ಕಾಲದಲ್ಲಿ ಜರ್ಮನಿ, ಇಂಗ್ಲೆಂಡುಗಳಲ್ಲಿ ತಯಾರಾಗುತ್ತಿದ್ದವು. ಇಂಗ್ಲೆಂಡಿನ ಹಿತ್ತಾಳೆ ಎಂಜಿನ್‌ಗಳು ಹೋದಲ್ಲೆಲ್ಲ ನೀರು, ಎಣ್ಣೆ ತೊಟ್ಟಿಕ್ಕಿಸುತ್ತಿದ್ದವು. ಅದಕ್ಕೇ ಅವುಗಳಿಗೆ ‘ಬರ್ಮಿಂಗ್‌ಹ್ಯಾಮ್ ಡ್ರಿಬ್ಲರ್’, ಅಂದರೆ ಜೊಲ್ಲು ಸುರಿಸುವ ಕೂಸು ಎಂಬ ಅಡ್ಡಹೆಸರು! ಇಂಥವನ್ನು ಹುಡುಕಿ ಕೊಳ್ಳುವ ಹವ್ಯಾಸಿಗಳು ಈಗಲೂ ಇದ್ದಾರೆ. ಹೊರದೇಶದಲ್ಲಿರುವ ಮಗನೋ ಅಳಿಯನೋ ಒಂದನ್ನು ಮನೆಗೆ ತಂದರೆ ನಿಮಗೂ ನಾಲ್ಕು ಮಾತು ತಿಳಿದಿರಲಿ.

ಇದರ ಗುಟ್ಟು ನಮ್ಮ ಪ್ರೆಷರ್ ಕುಕ್ಕರಿನದೇ. ಕೆಳಗೆ ಸ್ಪಿರಿಟ್ ದೀಪ, ಮೇಲೆ ನೀರಿನ ಬಾಯ್ಲರ್, ಹೆಚ್ಚಾದ ಉಗಿ ಹೊರಹೋಗಲು ಸೇಫ್ಟಿ ವಾಲ್ವ್. ಎಷ್ಟೋ ಹಳೆಯ ಬಾಯ್ಲರುಗಳ ಬೆಸುಗೆ 200 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗುವಂಥದ್ದು. ನೀರಿರುವ ತನಕ ಭಯವಿಲ್ಲ. ನೀರು ಬತ್ತಿದ ಮೇಲೂ ಉರಿಯುತ್ತಿದ್ದರೆ ಬೆಸುಗೆ ಬಿಟ್ಟು ಎಂಜಿನ್ ಕೆಟ್ಟಿತೆಂದೇ ತಿಳಿಯಿರಿ.

ಆದ್ದರಿಂದ:

* ಬಾಯ್ಲರ್ ತಗ್ಗಾಗಿದ್ದರೆ, ಸೋರಿದರೆ, ವಾಲ್ವ್ ಅಂಟಿಕೊಂಡಿದ್ದರೆ ಬೆಂಕಿ ಹಚ್ಚಲೇಬೇಡಿ. ತಿಳಿದವರು ಪರೀಕ್ಷಿಸುವ ತನಕ ಅದು ಗಾಜಿನ ಬೀರುವಿನಲ್ಲೇ ಇರಲಿ.

* ಮುಕ್ಕಾಲು ಭಾಗ ಡಿಸ್ಟಿಲ್ಡ್ ವಾಟರ್ ತುಂಬಿ. ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ.

* ಸ್ಪಿರಿಟ್ ಅಳೆದು ಹಾಕಿ. ನೀರು ಮುಗಿಯುವುದಕ್ಕೆ ಮುಂಚೆ ಉರಿ ಆರಬೇಕು.

* ಓಡಿಸುವುದು ಅಂಗಳದಲ್ಲಿ. ಜಮಖಾನೆ, ಪರದೆಗಳ ಹತ್ತಿರ ಖಂಡಿತ ಬೇಡ. ಹಗಲಿನಲ್ಲಿ ಸ್ಪಿರಿಟ್ಟಿನ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಆರಿತೆಂದು ಮತ್ತೆ ಸುರಿಯಲು ಹೋಗಬೇಡಿ. ಸೆರಗು ಸಿಕ್ಕಿಸಿಕೊಳ್ಳಿ, ಮಕ್ಕಳನ್ನು ದೂರ ನಿಲ್ಲಿಸಿ.

* ಬಿಸಿಯಿರುವಾಗ ವಾಲ್ವ್ ಬಿಚ್ಚಬಾರದು. ಚೆನ್ನಾಗಿ ಆರಿದ ಮೇಲೆ ನೀರು ಚೆಲ್ಲಿ, ಒರೆಸಿ, ಒಂದು ತೊಟ್ಟು ಎಣ್ಣೆ ಬಿಡಿ.

ಇನ್ನೊಂದು ಮಾತು. ಹಿತ್ತಾಳೆ ಕಂಡೊಡನೆ ಹುಣಸೆಹಣ್ಣು ಹಚ್ಚಿ ಉಜ್ಜುವ ಉತ್ಸಾಹ ಬೇಡ! ಹೊಸ ಬಣ್ಣವೂ ಬೇಡ. ಮಾಸಿದ್ದರೂ ಮೊದಲಿನ ಬಣ್ಣಕ್ಕೇ ಸಂಗ್ರಾಹಕರಲ್ಲಿ ಬೆಲೆ. ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ಬಾಯಿಗಿಡುವ ವಯಸ್ಸಿನ ಮಕ್ಕಳ ಕೈಗೆ ಕೊಡಬೇಡಿ.

ಕುಕ್ಕರಿಗೆ ನೀರು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ನೋಡುವವರು ನಾವು. ಮನೆಯಲ್ಲಿ ಎಂಜಿನ್ ಹೊತ್ತಿಸುವ ದಿನ ಆ ಪ್ರಶ್ನೆ ಕೇಳಲು ಸಂಕೋಚಪಡಬೇಡಿ.