ವೀಣೆ, ಕುಂಚ, ಸಂಶೋಧನೆ: ಒಬ್ಬರ ಬಾಳಿನಲ್ಲಿ ಮೂರು ವಿದ್ಯೆ

ಕೆಮ್ಮಣ್ಣುಗುಂಡಿ ಎಂಬ ಹೆಸರನ್ನು ಸಮಾಸಕ್ಕೆ ಉದಾಹರಣೆಯಾಗಿ ಕೊಡುವುದು ತರೀಕೆರೆ, ಕಡೂರು ಕಡೆಯ ಕನ್ನಡ ಅಧ್ಯಾಪಕರಿಗೆ ಸುಲಭ. ಕೆಂಪಾದ ಮಣ್ಣು ಕೆಮ್ಮಣ್ಣು. ಆ ಮಣ್ಣಿನೊಳಗಣ ಕಬ್ಬಿಣದ ಅದಿರು ಒಂದು ಕಾಲದಲ್ಲಿ ಬೆಟ್ಟದಿಂದಿಳಿದು ಭದ್ರಾವತಿಯ ಕಾರ್ಖಾನೆಯನ್ನು ಸೇರುತ್ತಿತ್ತು. ಅದೇ ಬೆಟ್ಟಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಇನ್ನೊಂದು ಹೆಸರಿರುವುದು ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯಲ್ಲಿ ಇಲ್ಲಿ ಬಂದು ತಂಗುತ್ತಿದ್ದುದರಿಂದ. ಈ ಎರಡನೆಯ ಹೆಸರು ನನಗೆ ಅರಸರಿಗಿಂತ ಹೆಚ್ಚಾಗಿ ಅವರ ಆಶ್ರಯದಲ್ಲಿ ಬೆಳೆದ ಕಲಾವಿದ ಕೆ. ವೆಂಕಟಪ್ಪನವರನ್ನು ನೆನಪಿಸುತ್ತದೆ. ಸಂಗೀತ, ಚಿತ್ರಕಲೆ, ವಿದ್ವತ್ತು ಇವುಗಳನ್ನು ಒಬ್ಬನೇ ಮನುಷ್ಯ ಒಟ್ಟಿಗೆ ನಡೆಸಬಲ್ಲನೇ ಎಂಬ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಎತ್ತುವುದಾದರೆ ಅವರಿಂದಲೇ ತೊಡಗಬೇಕು.

1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ವೆಂಕಟಪ್ಪನವರನ್ನು 1909ರಲ್ಲಿ ಕಲ್ಕತ್ತೆಗೆ ಕಳುಹಿಸಿದವರು ನಾಲ್ವಡಿಯವರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು, ನಂದಲಾಲ್ ಬೋಸರು ಸಹಪಾಠಿ. ಇಷ್ಟು ದೊಡ್ಡ ಪರಂಪರೆಯಿಂದ ಮೈಸೂರಿಗೆ ಮರಳಿದ ಮೇಲೆ ಅವರು ಹಿಡಿದದ್ದು ವೀಣೆ ಶೇಷಣ್ಣನವರ ಪಾದವನ್ನು. ಹಲವು ವರ್ಷ ವೀಣೆಯೇ ಅವರ ಮುಖ್ಯ ಸಾಧನೆಯಾಯಿತು. ಚಿತ್ರಕಲೆಯ ಅಭಿಮಾನಿಗಳು ಆ ವರ್ಷಗಳನ್ನು ನಷ್ಟದ ಲೆಕ್ಕಕ್ಕೆ ಬರೆಯುವುದುಂಟು. ನಾನು ಹಾಗೆ ಬರೆಯಲಾರೆ. ಉದಕಮಂಡಲ, ಕೊಡೈಕೆನಾಲ್‌ಗಳ ಅವರ ಜಲವರ್ಣಗಳಲ್ಲಿ ಒಂದೇ ಬೆಟ್ಟವನ್ನು, ಅದರ ಮೇಲೆ ಸರಿಯುವ ಮಂಜನ್ನು ಕಾಯುತ್ತ ಕುಳಿತ ತಾಳ್ಮೆಯೊಂದಿದೆ. ಒಂದು ಸ್ವರದ ಮೇಲೆ ದಿನಗಟ್ಟಲೆ ನಿಂತು ಬಲ್ಲವರಿಗೆ ಆ ತಾಳ್ಮೆ ಹೊಸದೇನಲ್ಲ.

ಇಲ್ಲಿ ಗಮನಿಸಬೇಕಾದುದು, ವೆಂಕಟಪ್ಪನವರು ವೀಣೆಗೂ ಕುಂಚಕ್ಕೂ ದಿನವನ್ನು ಸಮನಾಗಿ ಹಂಚಲಿಲ್ಲವೆಂಬುದು. ಇಂದು ‘ಸಮತೋಲನ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ತಕ್ಕಡಿಯ ಈ ಉಪಮೆ ನನಗೆ ಒಪ್ಪಿಗೆಯಲ್ಲ. ತರೀಕೆರೆ ಸುತ್ತಿನ ತೋಟಗಳಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಮರಕ್ಕೂ ಬಳ್ಳಿಗೂ ಸಮಪಾಲು ಎಂಬುದಿಲ್ಲ. ಒಂದು ನಿಲ್ಲುತ್ತದೆ, ಇನ್ನೊಂದು ಅದನ್ನು ಆತುಕೊಂಡು ಏರುತ್ತದೆ. ಬಹುವಿದ್ಯೆಯ ಬಾಳಿನಲ್ಲಿಯೂ ಕೇಳಬೇಕಾದ ಪ್ರಶ್ನೆ, ನಿಲ್ಲುವ ಮರ ಯಾವುದು ಎಂಬುದೇ.

ವೆಂಕಟಪ್ಪನವರಿಗೆ ಆ ಮರ ಅರಮನೆಯಾಗಿತ್ತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಅರಮನೆಯ ಉಬ್ಬುಶಿಲ್ಪಗಳ ಕೆಲಸ ನಿಂತಿತು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಕಲಾವಿದರು ಬೆಂಗಳೂರಿನಲ್ಲಿ ಒಂಟಿಯಾಗಿ ಬಾಳಿ 1965ರಲ್ಲಿ ತೀರಿಕೊಂಡರು. ಒಬ್ಬ ದೊರೆಯ ಆಯುಷ್ಯಕ್ಕೆ ಕಟ್ಟಿಕೊಂಡ ಕಲೆಯ ಗತಿ ಅದು.

ಅರಮನೆಯ ನಂತರ ಆ ಮರದ ಪಾತ್ರವನ್ನು ವಹಿಸಿದ್ದು ಕಾಲೇಜು. ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಕಲಿಸಿದರು. ಪ್ರಾಕೃತದ ಗಾಥಾಸಪ್ತಶತಿಯನ್ನು ತೆಲುಗಿಗೆ ತಂದವರೂ ಅವರೇ, ನಿವೃತ್ತಿಯ ಬಳಿಕ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಕೂಡಿಸಿದವರೂ ಅವರೇ. 1974ರಲ್ಲಿ ಸಂಗೀತ ಕಲಾನಿಧಿ ಬಿರುದು ಬಂದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಮೈಸೂರಿನವರೇ ಆದ ಡಾ. ರಾ. ಸತ್ಯನಾರಾಯಣರು ಶಾರದಾ ವಿಲಾಸ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು. ಪುಂಡರೀಕ ವಿಠಲನ ನರ್ತನನಿರ್ಣಯವನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿದ್ದು ಈ ರಸಾಯನಶಾಸ್ತ್ರದ ಮೇಷ್ಟ್ರು. ಪ್ರಯೋಗಶಾಲೆ ಅವರಿಗೆ ಅನ್ನ ಕೊಟ್ಟಿತು, ಸಂಜೆಯನ್ನು ಕಸಿದುಕೊಳ್ಳಲಿಲ್ಲ. (ಯಾವ ನೌಕರಿಯೂ ಇಲ್ಲದೆ ಚಿತ್ರಕಲೆಯ ಗ್ರಂಥವನ್ನೂ ಯಕ್ಷಗಾನದ ಸಂಶೋಧನೆಯನ್ನೂ ಮಾಡಿದ ಕಾರಂತರ ಹೆಸರನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಕಾರಂತರು ಅಪವಾದ, ಅವರನ್ನು ತೋರಿಸಿ ಹುಡುಗರಿಗೆ ದಾರಿ ಹೇಳಲಾಗದು.)

ಆ ಸಂಜೆ ಈಗ ಉಳಿದಿಲ್ಲ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರ ಪಾಠದ ಹೊರೆ ವಾರಕ್ಕೆ 16 ಗಂಟೆ. ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಆದರೆ ನ್ಯಾಕ್ ಕಡತ, ಪ್ರವೇಶಾತಿ, ವಿದ್ಯಾರ್ಥಿವೇತನದ ಜಾಲತಾಣ, ಮೌಲ್ಯಮಾಪನ, ಚುನಾವಣಾ ಕರ್ತವ್ಯ ಇವು ಆ ಹದಿನಾರರಲ್ಲಿ ಸೇರಿಲ್ಲ. 2010ರ ನಿಯಮಾವಳಿ ಎಪಿಐ ಎಂಬ ಅಂಕಪಟ್ಟಿಯನ್ನು ತಂದ ಮೇಲೆ ಅಧ್ಯಾಪಕನ ಬುದ್ಧಿಯೂ ಅಂಕ ಸಿಗುವ ಕಡೆಗೇ ಹರಿಯತೊಡಗಿತು. ಅವಸರದಲ್ಲಿ ಬರೆದ ಲೇಖನಕ್ಕೆ ಅಂಕವಿದೆ; ಹತ್ತು ವರ್ಷದ ಸಾಧಕಕ್ಕೆ ಅದರಲ್ಲಿ ಅಂಕಣವೇ ಇಲ್ಲ.

ಹಾಗಾದರೆ ಒಬ್ಬರು ಒಂದನ್ನೇ ಮಾಡಲಿ ಎನ್ನಬಹುದು. ಆ ವಾದಕ್ಕೆ ಹಳೆಯ ಆಧಾರವೂ ಇದೆ. ಜಿನಸೇನರ ಆದಿಪುರಾಣದಲ್ಲಿ ವೃಷಭನಾಥನು ವೃಷಭಸೇನನಿಗೆ ಗಾಂಧರ್ವಶಾಸ್ತ್ರವನ್ನೂ ಅನಂತವಿಜಯನಿಗೆ ಚಿತ್ರಕಲೆಯನ್ನೂ ಬೇರೆಬೇರೆಯಾಗಿ ಉಪದೇಶಿಸುತ್ತಾನೆ. ಬ್ರಾಹ್ಮಿಗೆ ಕೊಡುವುದು ಅಕ್ಷರವನ್ನು. ಆದರೆ ಅವರೆಲ್ಲ ಒಂದೇ ಮನೆಯ ಮಕ್ಕಳು. ನಮ್ಮಲ್ಲಿ ಸಂಗೀತಕ್ಕೊಂದು ವಿಶ್ವವಿದ್ಯಾಲಯ, ಚಿತ್ರಕ್ಕೊಂದು ಕಾಲೇಜು, ಹಳಗನ್ನಡಕ್ಕೆ ಇನ್ನೆಲ್ಲೋ ಒಂದು ವಿಭಾಗ. ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ.

ಇದರಿಂದಾಗುವ ನಷ್ಟವನ್ನು ನೋಡಲು ದೂರ ಹೋಗಬೇಕಿಲ್ಲ, ಕೆಮ್ಮಣ್ಣುಗುಂಡಿಯ ಬೆಟ್ಟವಿಳಿದು ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋದರೆ ಸಾಕು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯ. ಅಲ್ಲಿಯ ಶಾಸನವನ್ನು ರಚಿಸಿದವನು ಜೈನ ಕವಿ ಜನ್ನ. ರೂವಾರಿ ಮಲ್ಲಿತಮ್ಮನ ಕೈಯ ಆರಂಭದ ಕೆಲಸವೂ ಅಲ್ಲಿಯದೇ ಎಂಬುದು ವಿದ್ವಾಂಸರ ಅಭಿಪ್ರಾಯ. ಶಾಸನವನ್ನು ಓದಬಲ್ಲವರು ನಮ್ಮಲ್ಲಿದ್ದಾರೆ, ಶಿಲ್ಪದ ರೇಖೆಯನ್ನು ಬಿಡಿಸಬಲ್ಲವರಿದ್ದಾರೆ, ಕಲ್ಲಿನಲ್ಲಿ ಕಡೆದ ವಾದ್ಯ ಯಾವುದೆಂದು ಹೇಳಬಲ್ಲವರೂ ಇದ್ದಾರೆ. ಈ ಮೂವರು ಒಂದೇ ದಿನ ಒಟ್ಟಿಗೆ ಆ ಅಂಗಳದಲ್ಲಿ ನಿಂತದ್ದನ್ನು ನಾನು ಕಂಡಿಲ್ಲ. ಜನ್ನನಿಗಂತೂ ಈ ವಿಂಗಡಣೆ ಇರಲಿಲ್ಲ. ಅವನ ಯಶೋಧರ ಚರಿತೆಯಲ್ಲಿ ಅಮೃತಮತಿಯ ಮನಸ್ಸನ್ನು ಕೆಡಿಸುವುದು ಮಾವುತನ ಒಂದು ಹಾಡು. ಯಶೋಧರನನ್ನು ಜನ್ಮಾಂತರಗಳಿಗೆ ತಳ್ಳುವುದು ಕೈಯಿಂದ ಮಾಡಿದ ಹಿಟ್ಟಿನ ಕೋಳಿ. ಹಾಡಿನ ಬಲವನ್ನೂ ರೂಪದ ಬಲವನ್ನೂ ಅರಿಯದೆ ಆ ಕಾವ್ಯವನ್ನು ಪಾಠ ಹೇಳುವುದು ಹೇಗೆ?

ಹಾಡು ಕಲಿತ, ಚಿತ್ರ ಬರೆಯುವ, ಹಳಗನ್ನಡದಲ್ಲಿ ಪಿಎಚ್‌.ಡಿ. ಮಾಡಬೇಕೆಂದಿರುವ ವಿದ್ಯಾರ್ಥಿನಿಯೊಬ್ಬಳು, ಮೂರರಲ್ಲಿ ಯಾವುದನ್ನು ಬಿಡಲಿ ಸರ್ ಎಂದು ಈಚೆಗೆ ಕೇಳಿದಳು. ಯಾವುದನ್ನೂ ಬಿಡಬೇಡಮ್ಮ, ಆದರೆ ಮೂರನ್ನೂ ಈ ವರ್ಷವೇ ಮಾಡಬೇಡ ಎಂದೆ. ಮೊದಲು ನೆಟ್ ಪರೀಕ್ಷೆ, ಬೆಳಗಿನ ಒಂದು ಗಂಟೆ ತಂಬೂರಿಗೆ, ಕುಂಚ ಸದ್ಯಕ್ಕೆ ಪೆಟ್ಟಿಗೆಯಲ್ಲಿರಲಿ. ಇದು ಅವಳು ಮಾಡಿಕೊಳ್ಳಬಹುದಾದ ವ್ಯವಸ್ಥೆ. ಉಳಿದದ್ದು ನಮ್ಮ ಕೈಯಲ್ಲಿದೆ: ಇಂಥ ವಿಷಯಕ್ಕೆ ಎರಡು ವಿಭಾಗಗಳಿಂದ ಇಬ್ಬರು ಮಾರ್ಗದರ್ಶಕರನ್ನು ಕೊಡುವುದು, ಅಧ್ಯಾಪಕರ ಕಛೇರಿಯನ್ನೂ ಚಿತ್ರಪ್ರದರ್ಶನವನ್ನೂ ಲೇಖನಕ್ಕೆ ಸಮನಾದ ಕೆಲಸವೆಂದು ದಾಖಲಿಸುವುದು, ನಾಲ್ಕು ಗಂಟೆಯ ಮೇಲೆ ಕಡತ ಹಿಡಿದು ಅವರ ಬಾಗಿಲು ತಟ್ಟದಿರುವುದು.