ಇದೂ ಒಂದು ಶಾಸ್ತ್ರವೇ?

ವ್ಯವಹಾರಾಡಳಿತದ ತರಗತಿಗೆ ಸೇರಿದಾಗ ಪಠ್ಯಕ್ರಮದಲ್ಲಿ 'ಸಾಂಸ್ಥಿಕ ವರ್ತನೆ' ಎಂಬ ವಿಷಯವನ್ನು ಕಂಡು ನನಗೆ ನಗು ಬಂದಿತ್ತು. ಲೆಕ್ಕಪತ್ರದಲ್ಲಿ ಜಮಾ-ಖರ್ಚು ತಾಳೆಯಾಗಲೇಬೇಕು, ಸಂಖ್ಯಾಶಾಸ್ತ್ರಕ್ಕೆ ಸೂತ್ರಗಳುಂಟು. ಕಾರ್ಖಾನೆ ಕಚೇರಿಗಳಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಕಲಿಯಲು ಪುಸ್ತಕವೇಕೆ? ಒಳ್ಳೆಯ ಮಾತನಾಡಿದರೆ ಆಳು ಮನಸಾರೆ ದುಡಿಯುತ್ತಾನೆಂದು ನಮ್ಮೂರಿನ ಯಾವ ಅಜ್ಜಿಯಾದರೂ ಹೇಳಿಯಾಳು. ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾನೆಂದು ಪಕ್ಕದ ಮನೆಯ ಅಜ್ಜಿ ಹೇಳಿಯಾಳು. ಇವರಿಬ್ಬರಲ್ಲಿ ಯಾರ ಮಾತು ನಿಜವೆಂಬ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲು ಅಲುಗಿಸಿದ್ದು ಅಹಮದಾಬಾದಿನ ಕ್ಯಾಲಿಕೊ ಗಿರಣಿಯ ವೃತ್ತಾಂತ. ಅಲ್ಲಿ ಹೊಸದಾಗಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದಾಗ, ೨೨೪ ಮಗ್ಗಗಳ ಒಂದು ಶಾಲೆಯಲ್ಲಿ ಕೆಲಸವನ್ನು ಹನ್ನೆರಡು ಬಗೆಯಾಗಿ ಹಂಚಲಾಗಿತ್ತು. ನೇಯುವವನೊಬ್ಬ, ಕಂಡಿಕೆ ತುಂಬುವವನೊಬ್ಬ, ಎಣ್ಣೆ ಹಾಕುವವನೊಬ್ಬ, ಗುಡಿಸುವವನೊಬ್ಬ. ಯಾರು ಎಷ್ಟು ಮಗ್ಗಗಳನ್ನು ನೋಡಿಕೊಳ್ಳಬಲ್ಲರೆಂಬುದನ್ನು ಗಡಿಯಾರ ಹಿಡಿದು ಲೆಕ್ಕ ಹಾಕಿದ್ದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಒಬ್ಬೊಬ್ಬರ ಪಾಲಿನ ಮಗ್ಗಗಳ ಸಂಖ್ಯೆ ಒಂದೊಂದಾಗಿದ್ದುದರಿಂದ, ನೇಕಾರನ ಪಾಲಿಗೆ ಕಂಡಿಕೆ ತುಂಬುವವನ ಒಂದು ಭಾಗ, ಎಳೆ ಹರಿದಲ್ಲಿ ಸರಿಪಡಿಸುವವನ ಇನ್ನೊಂದು ಭಾಗ ಮಾತ್ರ ದೊರೆಯುತ್ತಿತ್ತು! ಯಾರು ಯಾರ ಜೊತೆಗಾರರೆಂಬುದೇ ತಿಳಿಯದು. ಬಟ್ಟೆ ನಿರೀಕ್ಷಿಸಿದಷ್ಟು ಬರಲಿಲ್ಲ. ಬಂದುದರಲ್ಲಿಯೂ ದೋಷಗಳು ಹೆಚ್ಚು.

೧೯೫೩ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಲ್ಲಿಗೆ ಬಂದು, ಒಂದು ಗುಂಪು ಮಗ್ಗಗಳಿಗೆ ಒಂದು ಸಣ್ಣ ತಂಡವಿದ್ದರೆ ಹೇಗೆಂದು ಸೂಚಿಸಿದರು. ಕಾರ್ಮಿಕರು ಆ ಸೂಚನೆಯನ್ನು ಕೂಡಲೇ ಹಿಡಿದುಕೊಂಡು ತಂಡಗಳನ್ನು ತಾವೇ ಕಟ್ಟಿಕೊಂಡರು. ಮಗ್ಗಗಳು ಬದಲಾಗಲಿಲ್ಲ. ಕಾರ್ಯದಕ್ಷತೆ ಮಾತ್ರ ಶೇಕಡಾ ೮೦ರ ಆಸುಪಾಸಿನಿಂದ ೯೫ರವರೆಗೆ ಏರಿತು. ದೋಷವುಳ್ಳ ಬಟ್ಟೆಯ ಪ್ರಮಾಣ ಶೇಕಡಾ ೩೨ರಿಂದ ೨೦ಕ್ಕೆ ಇಳಿಯಿತು.

ಇದನ್ನೋದಿದ ಮೇಲೆ ನಾನು ಇನ್ನೊಂದು ತುದಿಗೆ ಹಾರಿದೆ. ಪುಸ್ತಕ ಹೇಳಿದುದೆಲ್ಲವೂ ವೇದವಾಯಿತು. ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯ ಕಥೆಯಂತೂ ಬಾಯಿಪಾಠ. ೧೯೨೪ರಲ್ಲಿ ಅಲ್ಲಿ ಆರಂಭವಾದ ಪ್ರಯೋಗದಲ್ಲಿ ದೀಪದ ಬೆಳಕನ್ನು ಹೆಚ್ಚಿಸಿದರೂ ಉತ್ಪಾದನೆ ಏರಿತಂತೆ, ತಗ್ಗಿಸಿದರೂ ಏರಿತಂತೆ. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂಬ ಅರಿವೇ ಕಾರಣವಂತೆ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕಗಳನ್ನೂ ಪಡೆದೆ.

ಆ ಬಳಿಕ ತಿಳಿಯಿತು: ಕಳೆದುಹೋಯಿತೆಂದು ಭಾವಿಸಿದ್ದ ಆ ಬೆಳಕಿನ ಪ್ರಯೋಗದ ಅಂಕಿಅಂಶಗಳನ್ನು ಹುಡುಕಿ ತೆಗೆದು, ಲೆವಿಟ್ ಮತ್ತು ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ೨೦೧೧ರಲ್ಲಿ ಪುನಃ ಪರಿಶೀಲಿಸಿದ್ದರು. ದೀಪಗಳನ್ನು ಬದಲಿಸುತ್ತಿದ್ದುದು ಭಾನುವಾರ. ಸೋಮವಾರ ಉತ್ಪಾದನೆ ಏರುತ್ತಿದ್ದುದೇನೋ ನಿಜ. ಆದರೆ ದೀಪ ಬದಲಿಸದ ವಾರಗಳಲ್ಲಿಯೂ ಸೋಮವಾರ ಅದು ಏರುತ್ತಿತ್ತು! ಪ್ರಸಿದ್ಧ ಕಥೆಯ ಬಹುಭಾಗಕ್ಕೆ ಆಧಾರವೇ ಉಳಿಯಲಿಲ್ಲ.

ವಿಷಯದ ಮೇಲಿನ ನನ್ನ ಗೌರವ ಇದರಿಂದ ಕುಗ್ಗಬೇಕಿತ್ತು, ವಿಚಿತ್ರವೆಂದರೆ, ಹೆಚ್ಚಿತು. ತನಗೆ ಅತ್ಯಂತ ಪ್ರಿಯವಾದ ಕಥೆಯನ್ನೇ ತೂಗಿನೋಡಲು ಅವಕಾಶ ಕೊಡುವುದನ್ನು ಅಜ್ಜಿಯ ಮಾತಿನೊಡನೆ ಸೇರಿಸಲಾಗದು. ಅಹಮದಾಬಾದಿನ ಫಲಿತಾಂಶವನ್ನೂ ಎಲ್ಲ ಗಿರಣಿಗಳಿಗೆ ಅನ್ವಯಿಸಲು ಈಗ ನಾನು ಹಿಂಜರಿಯುತ್ತೇನೆ.

ನನ್ನ ದೂರು ಇರುವುದು ಬೋಧನೆಯ ಕ್ರಮದ ಮೇಲೆ. ಮ್ಯಾಸ್ಲೋ ಅವರ ಅಗತ್ಯಗಳ ಪಿರಮಿಡ್ಡನ್ನು ಬರೆಯಿರೆಂದು ಕೇಳುತ್ತಾರೆ. ೧೯೪೩ರ ಅವರ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಆ ಪ್ರಶ್ನೆಯನ್ನು ಕೈಬಿಟ್ಟು, ವಿದ್ಯಾರ್ಥಿಗಳನ್ನು ಒಂದು ವಾರ ಬಸ್ ಡಿಪೋವಿಗೋ ಅಂಚೆ ಕಚೇರಿಗೋ ಕಳುಹಿಸಲಿ. ಕೆಲಸ ಎಲ್ಲಿ ತಡೆಯುತ್ತದೆ, ಯಾರು ಯಾರಿಗಾಗಿ ಕಾಯುತ್ತಾರೆಂಬುದನ್ನು ಎಣಿಸಿ ಬರೆದುಕೊಂಡು ಬರಲಿ. ಸೋಮವಾರದ ಲೆಕ್ಕವನ್ನು ಬೇರೆಯಾಗಿಯೇ ಇಡಲಿ.